ಕಾಗಿಣಾ ಕಣಿವೆಯ ಹಾಸುಗಲ್ಲು

ರಾಯಚೂರನ್ನು ಬಿಟ್ಟು, ಕೃಷ್ಣೆಯನ್ನು ದಾಟಿ, ಮುಂಬಯಿಯ ದಿಕ್ಕಿಗೆ ಓಡುವ ರೈಲುಗಾಡಿಯ ಕಿಟಕಿಯಲ್ಲಿ ಕುಳಿತವರಿಗೆ ಯಾದಗಿರಿಯವರೆಗೆ ಕಾಣುವುದು ಗುಂಡುಕಲ್ಲುಗಳ ರಾಜ್ಯ. ಯಾರೋ ದೈತ್ಯರ ಮಕ್ಕಳು ಆಡಿ ಬಿಟ್ಟುಹೋದಂತೆ ಬಂಡೆಯ ಮೇಲೆ ಬಂಡೆ ಏರಿ ಕುಳಿತಿರುತ್ತದೆ. ಯಾದಗಿರಿಯ ಕೋಟೆಬೆಟ್ಟ ಹಿಂದೆ ಸರಿದು ನಾಲವಾರ ಸಮೀಪಿಸುತ್ತಲೇ ಈ ರಾಜ್ಯ ಮುಗಿಯುತ್ತದೆ. ಬೆಟ್ಟಗಳಿಲ್ಲ, ಗುಂಡುಗಳಿಲ್ಲ, ಭೂಮಿ ಚಾಪೆ ಹಾಸಿದಂತೆ ಸಮತಟ್ಟು. ಹಳ್ಳದ ದಂಡೆ ಕುಸಿದಲ್ಲಿ ಕಾಣುವ ಕಲ್ಲೂ ಹಾಗೆಯೇ: ಅಂಗಡಿಯಲ್ಲಿ ಮಡಿಸಿ ಒಂದರ ಮೇಲೊಂದಾಗಿ ಇಟ್ಟ ಸೀರೆಗಳಂತೆ ಪದರ ಪದರ. ಹೊಲದ ಬೇಲಿಗೆ ಮುಳ್ಳಿನ ಬದಲು ಚಪ್ಪಡಿಗಳನ್ನೇ ಸಾಲಾಗಿ ನೆಟ್ಟಿರುತ್ತಾರೆ. ಮನೆಯ ಗೋಡೆ ಚಪ್ಪಡಿ, ಮಾಡು ಚಪ್ಪಡಿ, ಅಂಗಳ ಚಪ್ಪಡಿ. ದನಕ್ಕೆ ನೀರು ಕುಡಿಸುವ ತೊಟ್ಟಿಯನ್ನು ಸಹ ನಾಲ್ಕು ಚಪ್ಪಡಿಗಳನ್ನು ಜೋಡಿಸಿಯೇ ಮಾಡಿದ್ದಾರೆ.

ಬೆಂಗಳೂರು, ಹುಬ್ಬಳ್ಳಿ, ಮೈಸೂರುಗಳಲ್ಲಿ ಹಳೆಯ ಮನೆಗಳನ್ನು ಕಂಡವರಿಗೆ ಈ ಕಲ್ಲು ಅಪರಿಚಿತವೇನೂ ಅಲ್ಲ. ಬೇಸಿಗೆಯ ಮಧ್ಯಾಹ್ನ ಮಕ್ಕಳು ಬರಿಮೈಯಲ್ಲಿ ಹೊರಳಾಡುವ ತಣ್ಣನೆಯ ಬೂದುಬಣ್ಣದ ನೆಲ ಇದೇ. ಶಾಲೆಯ ಪಡಸಾಲೆ, ಕಚೇರಿಯ ಮೆಟ್ಟಿಲು, ರೈಲು ನಿಲ್ದಾಣದ ಕಟ್ಟೆ, ಬಟ್ಟೆ ಒಗೆಯುವ ಹಿತ್ತಿಲು, ಎಲ್ಲ ಕಡೆಯೂ ಶಹಾಬಾದ್ ಕಲ್ಲು ಹಾಸಿದೆ. ಉತ್ತರ ಕರ್ನಾಟಕದವರು ಅದನ್ನು ಫರಸಿ ಎನ್ನುತ್ತಾರೆ. ಆ ಹೆಸರಿಗೆ ಕಾರಣವಾದ ಶಹಾಬಾದ ಪಟ್ಟಣ ಕಲಬುರಗಿ ಜಿಲ್ಲೆಯಲ್ಲಿದೆ. ವಾಡಿ, ಚಿತ್ತಾಪುರ, ಸೇಡಂ, ಮಳಖೇಡಗಳು ಅದರ ನೆರೆಹೊರೆ. ಇವುಗಳ ನಡುವೆ ಕಾಗಿಣಾ ನದಿ ಹರಿದು ಭೀಮೆಯನ್ನು ಸೇರುತ್ತದೆ. ಈ ಸೀಮೆಯ ಅಡಿಪಾಯವೆಲ್ಲ ಸುಣ್ಣಗಲ್ಲು. ರಸಾಯನಶಾಸ್ತ್ರಜ್ಞರು ಅದರ ಮುಖ್ಯ ಅಂಶವನ್ನು ಕ್ಯಾಲ್ಸಿಯಂ ಕಾರ್ಬೋನೇಟ್ ಎಂದು ಕರೆಯುವರು. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲೊಂದು ಆಳವಿಲ್ಲದ ಕಡಲು ಇತ್ತು. ಶಂಖ, ಕಪ್ಪೆಚಿಪ್ಪುಗಳಂತಹ ಜೀವಿಗಳು ಲೋಕದಲ್ಲಿ ಇನ್ನೂ ಹುಟ್ಟಿರದ ಕಾಲ ಅದು. ಕಡಲ ತಳದಲ್ಲಿ ಸುಣ್ಣದ ನಯವಾದ ಕೆಸರು ಪದರ ಪದರವಾಗಿ ಇಳಿದು, ಗಟ್ಟಿಯಾಗಿ, ಕಲ್ಲಾಯಿತು. ಆ ಬಳಿಕ ಭೂಮಿ ಇದನ್ನು ಅಷ್ಟಾಗಿ ಮಡಿಸಲಿಲ್ಲ, ತಿರುಚಲಿಲ್ಲ. ಆದ್ದರಿಂದಲೇ ಚಾಪೆ ಇಂದಿಗೂ ಚಾಪೆಯಾಗಿಯೇ ಉಳಿದಿದೆ.

ಈ ಚಾಪೆಯ ಒಂದು ಅಂಚನ್ನು ಎತ್ತುವ ಕಲೆಯೇ ಶಹಾಬಾದಿನ ಖಣಿಗಳ ಕೆಲಸ. ಮೇಲಿನ ಮಣ್ಣನ್ನೂ ಮುಕ್ಕಾದ ಕಲ್ಲನ್ನೂ ತೆಗೆದು ಒಳ್ಳೆಯ ಪದರ ಸಿಕ್ಕ ಮೇಲೆ ಅದಕ್ಕೆ ಗೆರೆ ಹಾಕಿ, ಸಂದಿನಲ್ಲಿ ಹಾರೆ ತೂರಿಸಿ, ಮೆಲ್ಲಗೆ ಮೀಟುತ್ತಾರೆ. ಈಗ ಹಳಿಗಳ ಮೇಲೆ ಓಡುವ ಗರಗಸಯಂತ್ರ ಗೆರೆ ಕೊಯ್ಯುವುದುಂಟು. ಆದರೂ ಪದರವನ್ನು ಬಿಡಿಸುವುದು ಬಹುಮಟ್ಟಿಗೆ ಕೈಯ ಕೆಲಸವೇ. ಸುತ್ತಿಗೆಯ ಪೆಟ್ಟು ಜೋರಾದರೆ ಚಪ್ಪಡಿ ಅಡ್ಡಕ್ಕೆ ಒಡೆಯುತ್ತದೆ. ಮೆತ್ತಗಾದರೆ ಪದರ ಬಿಡುವುದಿಲ್ಲ. ಪಟ್ಟಣದಿಂದ ನೋಡಲು ಬಂದ ಗೃಹಸ್ಥರೊಬ್ಬರು ಒಬ್ಬ ಮುದುಕನನ್ನು ಕೇಳಿದರು: "ಎಲ್ಲಿ ಹೊಡೆಯಬೇಕೆಂದು ಹೇಗೆ ತಿಳಿಯುತ್ತದೆ, ಯಜಮಾನರೇ?" ಮುದುಕ ಚಾಣವನ್ನು ಕಲ್ಲಿಗೆ ಎರಡು ಬಾರಿ ತಟ್ಟಿ, "ಸಪ್ಪಳ ಕೇಳ್ರಿ ಸಾಹೇಬ್ರ, ಕಲ್ಲೇ ಹೇಳ್ತದ" ಎಂದ. ಗೃಹಸ್ಥರಿಗೆ ಎರಡು ಸಪ್ಪಳವೂ ಒಂದೇ ಆಗಿ ಕೇಳಿಸಿದವು. ಮುದುಕನ ಮೂರನೆಯ ಪೆಟ್ಟಿಗೆ ಅಂಗುಲ ದಪ್ಪದ ಹಲಗೆ, ಹಪ್ಪಳ ಎದ್ದಂತೆ, ತಳದಿಂದ ಬೇರ್ಪಟ್ಟು ಮೇಲೆದ್ದಿತು.

ಸುತ್ತಲೂ ಚೂರುಗಳ ಗುಡ್ಡೆ. ಎತ್ತಿದ ಕಲ್ಲೆಲ್ಲ ಚಪ್ಪಡಿಯಾಗುವುದಿಲ್ಲ. ಮೂಲೆ ಮುರಿದದ್ದು, ಬಿರುಕು ಬಿಟ್ಟದ್ದು, ಅಳತೆಗೆ ಬಾರದ್ದು ಅಲ್ಲಿಯೇ ಬೀಳುತ್ತದೆ. ಹೊಳಪು ಕೊಡುವ ಯಂತ್ರಗಳಿಂದ ಹರಿದ ಬಿಳಿಕೆಸರು ರಸ್ತೆಯ ಬದಿಯಲ್ಲಿ ಒಣಗಿ ಗಾಳಿಗೆ ಹಾರುತ್ತದೆ. ದುಡಿಯುವವರ ಹುಬ್ಬು, ರೆಪ್ಪೆ, ಮೀಸೆಗಳೆಲ್ಲ ಅಕಾಲದಲ್ಲಿ ನರೆತಂತೆ ಕಾಣುತ್ತವೆ. ಮೂಗಿಗೆ ಕಟ್ಟಿಕೊಂಡ ವಸ್ತ್ರವೊಂದೇ ಅವರ ಪಾಲಿನ ರಕ್ಷಣೆಯಾಗಿರುವುದು ಒಪ್ಪತಕ್ಕ ಮಾತಲ್ಲ.

ಮನೆಯಲ್ಲಿ ಈ ನೆಲವುಳ್ಳ ಗೃಹಿಣಿಯರು ತಿಳಿದಿರಬೇಕಾದ ಸಂಗತಿಯೊಂದಿದೆ. ಬಚ್ಚಲಿನ ಕಲ್ಲು ಫಳಫಳಿಸಲೆಂದು ಅಂಗಡಿಯ ಆಸಿಡ್ಡನ್ನು ಸುರಿದು ತಿಕ್ಕುವುದು ಅನೇಕರ ರೂಢಿ. ಆಗ ಬುಸುಬುಸು ಎಂದು ನೊರೆ ಏಳುವುದನ್ನು ಕಂಡು, ಕೊಳೆ ಹೋಗುತ್ತಿದೆಯೆಂದು ಸಂತೋಷಪಡುತ್ತಾರೆ. ಹೋಗುತ್ತಿರುವುದು ಕಲ್ಲೇ! ಆಮ್ಲ ತಾಗಿದೊಡನೆ ಸುಣ್ಣಗಲ್ಲು ಕರಗುತ್ತದೆ. ಅದರೊಳಗೆ ಯುಗಯುಗಗಳಿಂದ ಸೆರೆಯಾಗಿದ್ದ ಇಂಗಾಲಾಮ್ಲ ಅನಿಲ, ಸೋಡಾ ಬಾಟಲಿಯಲ್ಲಿ ಗುಳ್ಳೆಯಾಗಿ ಏಳುವ ಅದೇ ಅನಿಲ, ನೊರೆಯಾಗಿ ಹೊರಬರುತ್ತದೆ. ಅಡಿಗೆಮನೆಯ ಕಟ್ಟೆಯ ಮೇಲೆ ನಿಂಬೆಹೋಳನ್ನು ಮಗುಚಿ ಇಟ್ಟು ಮರೆತರೆ ಮರುದಿನ ಅಲ್ಲೊಂದು ಮಾಸಿದ ಉಂಗುರ ಕಾಣುವುದೂ ಇದೇ ಕಾರಣಕ್ಕೆ.

ಈ ಕಲ್ಲಿನ ಮೃದುತ್ವವನ್ನು ಬಹಳ ಹಿಂದಿನವರೇ ಅರಿತಿದ್ದರು. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಹತ್ತಿರ, ಭೀಮಾತೀರದ ಕನಗನಹಳ್ಳಿಯಲ್ಲಿ, 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಬೌದ್ಧರ ಮಹಾಸ್ತೂಪವೊಂದು ಹೊರಬಂದಿತು. ಜಾತಕ ಕಥೆಗಳು, ಶಾತವಾಹನ ಅರಸರು, ಹೂಬಳ್ಳಿಗಳು, ಎಲ್ಲವನ್ನೂ ಕೆತ್ತಿರುವುದು ಈ ನೆಲದ ಸುಣ್ಣಗಲ್ಲಿನ ಚಪ್ಪಡಿಗಳ ಮೇಲೆ. ಅವುಗಳಲ್ಲೊಂದರಲ್ಲಿ ಪರಿವಾರ ಸಮೇತನಾಗಿ ನಿಂತ ಒಬ್ಬ ಅರಸನಿದ್ದಾನೆ. ಬ್ರಾಹ್ಮೀ ಲಿಪಿಯಲ್ಲಿ ಬರೆದ ಹೆಸರು ಅವನು ಅಶೋಕನೆಂದು ಸಾರುತ್ತದೆ. ಅಶೋಕನು ತೀರಿಕೊಂಡು ಶತಮಾನಗಳು ಕಳೆದ ಮೇಲೆ ಕೆತ್ತಿದ ಚಿತ್ರವಾದರೂ, ಹೆಸರು ಹೇಳುವ ಇಂತಹ ಪ್ರಾಚೀನ ಶಿಲ್ಪ ಅತ್ಯಂತ ವಿರಳ. ಉಗುರಿಗಿಂತ ತುಸುವೇ ಗಟ್ಟಿಯಾದ, ಚಾಕುವಿಗೆ ಗೀರು ಕೊಡುವ ಈ ಕಲ್ಲು ಉಳಿಗೆ ಬೆಣ್ಣೆಯಂತೆ ಒಲಿದಿರಬೇಕು. ಚಕ್ರವರ್ತಿಯ ತಲೆಯ ಮೇಲಿನ ಕೊಡೆಯನ್ನೂ ಚಾಮರ ಹಿಡಿದವಳ ಬಳೆಗಳನ್ನೂ ಇಂದಿಗೂ ಕಾಣಬಹುದು.

ಚಪ್ಪಡಿಯಾಗಿ ಎದ್ದ ಕಲ್ಲು ಕಲ್ಲಾಗಿಯೇ ಉಳಿಯಿತು. ಬೆಂಕಿಗೆ ಬಿದ್ದ ಕಲ್ಲಿನ ಕಥೆ ಬೇರೆ. ಅದನ್ನು ನೋಡಬೇಕಾದರೆ ವಾಡಿಗೆ ಬರಬೇಕು.

ವಾಡಿ ಮೊದಲಿಗೆ ರೈಲಿನ ಊರು. ಮುಂಬಯಿಯ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರನ್ನು ಮುಟ್ಟಿ ಮದರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ನಿಜಾಮರ ರೈಲುಮಾರ್ಗ ಇಲ್ಲಿಂದಲೇ ಕವಲೊಡೆದು ಸಿಕಂದರಾಬಾದಿಗೆ ಹೋಯಿತು. ಕಲ್ಲಿನಂತಹ ಭಾರದ ಸರಕಿಗೆ ಹಳಿಯೇ ಪ್ರಾಣ. ಕಲ್ಲೂ ಹಳಿಯೂ ಒಟ್ಟಿಗೆ ಇದ್ದುದರಿಂದಲೇ ನಿಜಾಮರ ಆಳ್ವಿಕೆಯಲ್ಲಿ ಶಹಾಬಾದಿಗೆ ಸಿಮೆಂಟು ಕಾರ್ಖಾನೆ ಬಂದಿತು. 1936ರಲ್ಲಿ ದೇಶದ ಹಲವು ಸಿಮೆಂಟು ಕಂಪನಿಗಳು ಎ.ಸಿ.ಸಿ. ಎಂಬ ಒಂದೇ ಹೆಸರಿನಡಿ ಕೂಡಿದಾಗ ಶಹಾಬಾದೂ ಅವುಗಳಲ್ಲೊಂದಾಗಿತ್ತು. ವಾಡಿಯ ಕಾರ್ಖಾನೆ 1968ರಲ್ಲಿ ಪ್ರಾರಂಭವಾಯಿತು. ಸೇಡಂ ಮತ್ತು ಮಳಖೇಡಗಳವು 1980ರ ದಶಕದವು. 2010ರ ಸುಮಾರಿಗೆ ವಾಡಿಯಲ್ಲಿ ಹೂಡಿದ ಒಂದು ಕುಲುಮೆಯ ಸಾಮರ್ಥ್ಯ ದಿನಕ್ಕೆ 12,500 ಟನ್ನು. ಒಂದು ದಿನದ ಆ ಸರಕನ್ನು ಹೊತ್ತು ಸಾಗಿಸಲು ಹತ್ತು ಟನ್ನಿನ ಲಾರಿಗಳು ಸಾವಿರದ ಇನ್ನೂರೈವತ್ತು ಬೇಕು!

ಖಣಿಯಲ್ಲಿ ಮದ್ದು ಸಿಡಿಸಿ ಕೆಡವಿದ ಕಲ್ಲನ್ನು ಯಂತ್ರ ಮೊದಲು ಮುಷ್ಟಿಗಾತ್ರಕ್ಕೆ ಒಡೆಯುತ್ತದೆ. ಬಳಿಕ ಅದಕ್ಕೆ ಜೇಡಿಯನ್ನೂ ಕಬ್ಬಿಣದ ಅಂಶವುಳ್ಳ ಜಂಬಿಟ್ಟಿಗೆಯನ್ನೂ ಲೆಕ್ಕ ತಪ್ಪದಂತೆ ಬೆರೆಸಿ ಮೈದಾಹಿಟ್ಟಿನಂತೆ ಬೀಸುತ್ತಾರೆ. ಈ ಹಿಟ್ಟು ಎತ್ತರವಾದ ಗೋಪುರದ ನೆತ್ತಿಯಿಂದ ಕೆಳಗೆ ಬೀಳುತ್ತದೆ. ಕೆಳಗಿನಿಂದ ಕುಲುಮೆಯ ಬಿಸಿಗಾಳಿ ಮೇಲಕ್ಕೇರುತ್ತದೆ. ಇಬ್ಬರೂ ನಡುದಾರಿಯಲ್ಲಿ ಸಂಧಿಸುತ್ತಾರೆ. ಸುಮಾರು 900 ಡಿಗ್ರಿ ಸೆಲ್ಸಿಯಸ್ ತಲುಪುತ್ತಲೇ ಕಲ್ಲು ತನ್ನೊಳಗಿನ ಅನಿಲವನ್ನು ಬಿಟ್ಟುಕೊಟ್ಟು ಬರಿಯ ಸುಣ್ಣವಾಗುತ್ತದೆ. ಬಚ್ಚಲಿನಲ್ಲಿ ಆಸಿಡ್ಡು ಮಾಡಿದ್ದನ್ನೇ ಇಲ್ಲಿ ಬೆಂಕಿ ಮಾಡುತ್ತದೆ. ಶುದ್ಧ ಸುಣ್ಣಗಲ್ಲು ನೂರು ಕಿಲೋ ಇದ್ದರೆ ಉಳಿಯುವುದು ಐವತ್ತಾರು ಕಿಲೋ. ಉಳಿದ ನಲವತ್ತನಾಲ್ಕು ಕಿಲೋ ಕಣ್ಣಿಗೆ ಕಾಣದೆ ಆಕಾಶ ಸೇರುತ್ತದೆ.

ಅಲ್ಲಿಂದ ಮುಂದೆ ಕುಲುಮೆ. ಒಲೆಯೆಂದೊಡನೆ ನಿಂತ ಗೂಡನ್ನು ಕಲ್ಪಿಸಿಕೊಳ್ಳುವವರಿಗೆ ಇದು ವಿಚಿತ್ರವೆನಿಸುವುದು. ರೈಲುಗಾಡಿಯೇ ಒಳಹೊಕ್ಕುವಷ್ಟು ದಪ್ಪನಾದ ಉಕ್ಕಿನ ಕೊಳವೆಯೊಂದು ಕೊಂಚ ಓರೆಯಾಗಿ ಮಲಗಿ ಸದಾ ಉರುಳುತ್ತಿರುತ್ತದೆ. ಒಳಗೆ ಕಲ್ಲಿದ್ದಲ ಪುಡಿಯ ಜ್ವಾಲೆ. ತಾಮ್ರ ನೀರಾಗುವ ಬಿಸಿಯನ್ನೂ ಮೀರಿ, 1450 ಡಿಗ್ರಿಯ ತಾಪದಲ್ಲಿ, ಸುಣ್ಣವೂ ಜೇಡಿಯೂ ಅರೆಗರಗಿ ಒಂದಾಗಿ ಕಪ್ಪುಛಾಯೆಯ ಉಂಡೆಗಳಾಗುತ್ತವೆ. ಇದರ ಹೆಸರು ಕ್ಲಿಂಕರ್. ಕಪ್ಪುಗಾಜಿನ ಮೂಲಕ ಕುಲುಮೆಯ ಬಾಯಲ್ಲಿ ಇಣುಕಿದವರಿಗೆ ಅವು ಹಂಚಿನ ಮೇಲೆ ಹೊರಳುವ ಹುರಿಗಡಲೆಯಂತೆ ತೋರುತ್ತವೆ. ಕಣ್ಣು ಕೋರೈಸುವ ಹುರಿಗಡಲೆ! ಅವನ್ನು ಗಾಳಿಯೂದಿ ಥಟ್ಟನೆ ಆರಿಸಿ, ಅಷ್ಟಿಷ್ಟು ಜಿಪ್ಸಂ ಸೇರಿಸಿ, ಮತ್ತೆ ಬೀಸಿದರೆ ಸಿಮೆಂಟು. ಜಿಪ್ಸಂ ಇಲ್ಲದಿದ್ದರೆ ನೀರು ತಾಗಿದ ಗಳಿಗೆಯಲ್ಲಿಯೇ ಬಿಗಿದು, ಮೇಸ್ತ್ರಿಯ ಕರಣೆಯಲ್ಲೇ ಕಲ್ಲಾಗಿಬಿಡುತ್ತದೆ. ಉಷ್ಣವಿದ್ಯುತ್ ಕೇಂದ್ರಗಳ ಹಾರುಬೂದಿಯನ್ನು ಬೆರೆಸುವುದು ಈಗ ಸಾಮಾನ್ಯ. ಅಷ್ಟರಮಟ್ಟಿಗೆ ಕಲ್ಲು ಉಳಿಯುತ್ತದೆ, ಹೊಗೆಯೂ ತಗ್ಗುತ್ತದೆ.

ಸಿಮೆಂಟು ಒಣಗಿ ಗಟ್ಟಿಯಾಗುತ್ತದೆಂಬುದು ಜನರಲ್ಲಿ ಬೇರೂರಿದ ನಂಬಿಕೆ. ಅದು ಒಣಗುವುದಿಲ್ಲ; ನೀರನ್ನು ಕುಡಿದು, ನೀರಿನೊಡನೆ ಕೂಡಿ ಕಲ್ಲಾಗುತ್ತದೆ. ಆದ್ದರಿಂದಲೇ ಮನೆ ಕಟ್ಟಿಸುವವರು ದಿನಗಟ್ಟಲೆ ಹೊಸ ಗೋಡೆಗೆ ನೀರು ಹೊಡೆಸುವುದು, ತಾರಸಿಯ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸುವುದು. ಹಿಂದಿನವರು ಗೋಡೆಗೆ ಬಳಿಯುತ್ತಿದ್ದ ಸುಣ್ಣದ ಸ್ವಭಾವ ಇನ್ನೂ ಸೊಗಸು. ಸುಟ್ಟ ಕಲ್ಲಿಗೆ ನೀರೆರೆದರೆ ಅರಳಿದ ಸುಣ್ಣ. ಅದನ್ನು ಗೋಡೆಗೆ ಬಳಿದರೆ ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ನಿಧಾನವಾಗಿ ಹೀರಿ ಅದು ಪುನಃ ಸುಣ್ಣಗಲ್ಲೇ ಆಗುತ್ತದೆ. ಗೌರಿಹಬ್ಬಕ್ಕೆ ಸುಣ್ಣ ಬಳಿದ ಗೋಡೆಯ ಮೇಲೆ ದೀಪಾವಳಿಯ ವೇಳೆಗೆ ತೆಳ್ಳನೆಯ ಕಲ್ಲಿನ ಪದರವೊಂದು ಮೂಡಿರುತ್ತದೆ. ಸಿಮೆಂಟು ಅಷ್ಟು ಋಣ ತೀರಿಸುವುದಿಲ್ಲ. ಮಾನವನ ಕಾರ್ಯಗಳಿಂದ ಲೋಕದಲ್ಲಿ ಹೊರಬೀಳುವ ಇಂಗಾಲಾಮ್ಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದೆಂದು ವಿಜ್ಞಾನಿಗಳ ಲೆಕ್ಕ. ಅದರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಬರುವುದು ಕಲ್ಲಿದ್ದಲಿನಿಂದಲ್ಲ, ಕಲ್ಲಿನಿಂದಲೇ. ಸಿಮೆಂಟು ತಯಾರಿಕೆಯಲ್ಲಿ ಚೀನಾದ ಬಳಿಕ ನಮ್ಮದೇ ಸ್ಥಾನವಾದ್ದರಿಂದ ಈ ಮಾತು ಪರರ ಮನೆಯ ವಿಚಾರವೆಂದು ತಳ್ಳಿಹಾಕುವಂತಿಲ್ಲ.

ಕ್ಯಾಲ್ಸಿಯಂ ಕಾರ್ಬೋನೇಟಿನ ಉದ್ಯೋಗ ಇಲ್ಲಿಗೆ ಮುಗಿಯುವುದಿಲ್ಲ. ಕಬ್ಬಿಣದ ಕುಲುಮೆಯಲ್ಲಿ ಅದಿರಿನ ಕಲ್ಮಷವನ್ನು ಕಿಟ್ಟವಾಗಿ ಕೂಡಿಸಿ ಹೊರದೂಡುವುದು ಸುಣ್ಣಗಲ್ಲು. ಗಾಜಿನ ಬಟ್ಟಲಿನಲ್ಲಿ ಮರಳು, ಸೋಡಾಗಳೊಡನೆ ಅದೂ ಕರಗಿ ಸೇರಿದೆ. ಕಬ್ಬಿನ ಹಾಲನ್ನು ತಿಳಿಗೊಳಿಸಲು ಸಕ್ಕರೆ ಕಾರ್ಖಾನೆಯವರಿಗೆ ಬೇಕಾದದ್ದು ಸುಟ್ಟ ಸುಣ್ಣ. ಬರೆಯುವ ಕಾಗದಕ್ಕೆ ಬಿಳುಪನ್ನೂ ನಯವನ್ನೂ ಕೊಡುವುದು, ಗೋಡೆಯ ಬಣ್ಣಕ್ಕೂ ಪ್ಲಾಸ್ಟಿಕ್ ಕುರ್ಚಿಗೂ ಮೈ ತುಂಬುವುದು, ಹಲ್ಲುಜ್ಜುವ ಪೇಸ್ಟಿನಲ್ಲಿ ಕೊಳೆ ತಿಕ್ಕುವುದು, ಎದೆಯುರಿಗೆ ವೈದ್ಯರು ಬರೆದುಕೊಡುವ ಮಾತ್ರೆಯಲ್ಲಿ ಹೊಟ್ಟೆಯ ಆಮ್ಲವನ್ನು ಶಮನಗೊಳಿಸುವುದು, ಎಲ್ಲವೂ ಇದರ ಪುಡಿಯೇ. ಆದರೆ ಕಾಗದ, ಪೇಸ್ಟು, ಮಾತ್ರೆಗಳಿಗೆ ಕಳಂಕವಿಲ್ಲದ ಬಿಳುಪು ಬೇಕು. ಕಾಗಿಣೆಯ ಬೂದುಗಲ್ಲಿನಲ್ಲಿ ಜೇಡಿಯೂ ಮರಳೂ ಬೆರೆತಿವೆ. ಹಲ್ಲಿನ ಪೇಸ್ಟಿಗೆ ದೋಷವಾದ ಆ ಬೆರಕೆಯೇ ಸಿಮೆಂಟಿಗೆ ಗುಣ. ಹೇಗೂ ಜೇಡಿಯನ್ನು ಸೇರಿಸಲೇಬೇಕಲ್ಲವೆ!

ವಾಡಿಯಿಂದ ಸೇಡಂ ಹಾದಿ ಹಿಡಿದು ಮಳಖೇಡಕ್ಕೆ ಬಂದವರು ತುಸು ಹೊತ್ತು ಮೌನವಾಗುವುದು ಸಹಜ. ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್ ದೂರದ ಈ ಊರೇ ಮಾನ್ಯಖೇಟ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನು ಒಂಬತ್ತನೆಯ ಶತಮಾನದಲ್ಲಿ ಅರುವತ್ತಕ್ಕೂ ಹೆಚ್ಚು ವರ್ಷ ರಾಜ್ಯವಾಳಿದ್ದು ಇಲ್ಲಿಂದ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಗಣಿತಜ್ಞ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದ್ದೂ ಅವನ ಕಾಲದಲ್ಲಿಯೇ. 972ರಲ್ಲಿ ಮಾಳವದ ಪರಮಾರ ಅರಸನ ಸೇನೆ ಬಂದು ಈ ರಾಜಧಾನಿಯನ್ನು ಸೂರೆಗೊಂಡಿತು. ಈಗ ಉಳಿದಿರುವುದು ಕಾಗಿಣೆಯ ದಡದಲ್ಲಿ ನಂತರದ ಕಾಲದವರ ಕೈಯೂ ತಾಗಿರುವ ಕೋಟೆ, ಒಂದು ಬಸದಿ, ಕಳೆ ಬೆಳೆದ ಅಂಗಳಗಳು. ಮಾಧ್ವರಿಗೆ ಜಯತೀರ್ಥರ ಸ್ಥಳವೆಂದು ಊರು ಪವಿತ್ರವಾಗಿರುವುದರಿಂದ ಯಾತ್ರಿಕರು ಬರುತ್ತಾರೆ. ಬಸದಿಗೆ ಜೈನರು ಬರುತ್ತಾರೆ. ಕನ್ನಡಿಗರೆಂಬ ಕಾರಣಕ್ಕೆ ಬರುವವರು ಕಡಮೆ. ಹಂಪೆ, ಬಾದಾಮಿಗಳಿಗೆ ಮಕ್ಕಳನ್ನು ಕರೆದೊಯ್ಯುವ ಶಾಲೆಗಳು ಇಲ್ಲಿಗೂ ಒಮ್ಮೆ ಬರಬಾರದೆ?

ಕೋಟೆಯ ಗೋಡೆಯನ್ನು ಕೈಯಿಂದ ಮುಟ್ಟಿದರೆ ಅದೇ ಪದರುಗಲ್ಲು. ಗೋಡೆಯ ಮೇಲೆ ನಿಂತು ನೋಡಿದರೆ ಬಯಲಿನಾಚೆ ಸಿಮೆಂಟು ಕಾರ್ಖಾನೆಯ ಗೋಪುರ. ಕಾರ್ಖಾನೆಯನ್ನು ಇದಕ್ಕಾಗಿ ದೂಷಿಸುವುದು ಸುಲಭ, ನ್ಯಾಯವಲ್ಲ. ಸಾವಿರಾರು ಮನೆಗಳ ಒಲೆ ಅದರಿಂದ ಉರಿಯುತ್ತದೆ. ನಾಡಿನ ಅಣೆಕಟ್ಟು, ಆಸ್ಪತ್ರೆ, ಪಾಠಶಾಲೆಗಳು ಅದರ ಚೀಲಗಳಿಂದಲೇ ಎದ್ದಿವೆ. ಆದರೆ ಕೋಟೆಗೂ ಕಾರ್ಖಾನೆಗೂ ನಡುವೆ ಇರುವ ಮೂರನೆಯದೊಂದನ್ನು ನೋಡದೆ ಹೋಗಬಾರದು. ಅದು ತೊಗರಿಯ ಹೊಲ.

ಕಲಬುರಗಿ ತೊಗರಿಯ ಕಣಜವೆಂದು ಪ್ರಸಿದ್ಧಿ. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಅದರ ರುಚಿಗೂ ಬೇಗ ಬೇಯುವುದೆಂಬ ಖ್ಯಾತಿಗೂ ಕಾರಣವೆಂದು ಹೇಳಿದ್ದು ಇಲ್ಲಿಯ ಮಣ್ಣಿನಲ್ಲಿ ಹೇರಳವಾಗಿರುವ ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂಗಳನ್ನು. ಆ ಕ್ಯಾಲ್ಸಿಯಂ ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ. ಚಪ್ಪಡಿಯಾಗಿ ಎದ್ದ, ಸಿಮೆಂಟಾಗಿ ಸುಟ್ಟ ಆ ಕಲ್ಲಿನ ಸತ್ವವೇ ಬೇರಿನ ಮೂಲಕ ಕಾಳಿಗೆ ಏರಿದೆ. ಇದರಲ್ಲೊಂದು ವಿನೋದವುಂಟು. ಇದೇ ಸುಣ್ಣ ಬಾವಿಯ ನೀರಿಗೆ ಇಳಿದರೆ ನೀರು ಗಡುಸಾಗಿ, ಅದರಲ್ಲಿ ಬೇಳೆ ಬೇಯಲು ಹಟ ಹಿಡಿಯುತ್ತದೆ. ಸ್ನಾನದ ಹಂಡೆಯ ತಳದಲ್ಲಿ ಬಿಳಿಯ ಕರಡು ಕಟ್ಟುತ್ತದೆ. ಆ ಕರಡೂ ಕ್ಯಾಲ್ಸಿಯಂ ಕಾರ್ಬೋನೇಟೇ. ಕಾಳಿನೊಳಗೆ ಇದ್ದರೆ ಮಿತ್ರ, ನೀರಿನಲ್ಲಿ ಇದ್ದರೆ ಶತ್ರು!

ತೊಗರಿ ಮೇಲೆ, ಕಲ್ಲು ಕೆಳಗೆ. ಒಂದೇ ಎಕರೆಯಲ್ಲಿ ಎರಡನ್ನೂ ಒಟ್ಟಿಗೆ ಪಡೆಯುವ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ. ಖಣಿ ಮುಂದುವರಿಯಬೇಕಾದರೆ ಮೊದಲು ಎತ್ತಬೇಕಾದದ್ದು ಮಣ್ಣನ್ನು. ಹೊಲ ಮಾರಿದವನಿಗೆ ಒಂದು ಬಾರಿ ಹಣ ಬರುತ್ತದೆ. ಮಾರದೆ ಉಳಿದವನಿಗೆ ಮಳೆ ಬಂದ ವರ್ಷ ತೊಗರಿ ಬರುತ್ತದೆ. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬನು ಕಾರ್ಖಾನೆಯ ಪಾಳಿಗೆ ಹೋಗುವುದು, ಇನ್ನೊಬ್ಬನು ಎತ್ತು ಕಟ್ಟುವುದು ಈ ಸೀಮೆಯಲ್ಲಿ ಅಪರೂಪವಲ್ಲ. ಇಬ್ಬರಲ್ಲಿ ಯಾರು ಸರಿಯೆಂದು ಹೊರಗಿನವರು ತೀರ್ಪು ಹೇಳುವುದು ಉದ್ಧಟತನವಾದೀತು. ಆದರೆ ಲೆಕ್ಕವನ್ನು ಇಬ್ಬರಿಗೂ ಸರಿಯಾಗಿ ಒಪ್ಪಿಸಬೇಕಾದದ್ದು ನ್ಯಾಯ. ಕಲ್ಲು ತೆಗೆದ ಗುಂಡಿ ಮಳೆನೀರು ತುಂಬಿ ಕೆರೆಯಾಗಬಹುದು, ದಂಡೆಯಲ್ಲಿ ಗಿಡ ನೆಡಬಹುದು. ಆದರೆ ಅಂಗುಲ ಅಂಗುಲವಾಗಿ ಕಲ್ಲು ಸವೆದು ಆದ ಮಣ್ಣನ್ನು ಮರಳಿ ಅಲ್ಲಿ ಹಾಸಿ, ಅದು ಮೊದಲಿನಂತೆ ಕಾಳು ಕೊಡುವಂತೆ ಮಾಡುವುದು ತಲೆಮಾರುಗಳ ಕೆಲಸ. ಹೊಲದ ಬೆಲೆ ಕಟ್ಟುವಾಗ ಆ ತಲೆಮಾರುಗಳನ್ನು ಯಾರೂ ಎಣಿಸುವುದಿಲ್ಲ.

ಪುಷ್ಯಮಾಸದಲ್ಲಿ ಈ ಕಡೆ ಬಂದರೆ ಕೊಯ್ಲಿನ ಕಾಲ. ಕೊಯ್ದ ತೊಗರಿಯ ಕಟ್ಟುಗಳು ಅಂಗಳಕ್ಕೆ ಬರುತ್ತವೆ. ಬಿಸಿಲು ನೆತ್ತಿಗೇರಿ ಫರಸಿ ಕಾದ ಮೇಲೆ ಹೆಂಗಸರು ಗಿಡಗಳನ್ನು ಅದರ ಮೇಲೆ ಹರವಿ ಕೋಲಿನಿಂದ ಬಡಿಯುತ್ತಾರೆ. ಒಣಗಿದ ಕಾಯಿ ಸಿಡಿದು ಕಾಳು ಚಪ್ಪಡಿಯ ಮೇಲೆ ಚಟಪಟನೆ ಉದುರಿ, ಉರುಳಿ, ಸಂದಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡನೆಯ ಪಾಳಿಯ ಸೈರನ್ನು ಕೂಗಿದಾಗ ಕಾರ್ಖಾನೆಯಿಂದ ಮರಳುವವರು ಬೂದಿಬಣ್ಣದ ಪಾದರಕ್ಷೆಗಳನ್ನು ಅಂಗಳದ ಹೊರಗೇ ಕಳಚಿ, ರಾಶಿಯನ್ನು ಬಳಸಿಕೊಂಡು ಒಳಗೆ ಹೋಗುತ್ತಾರೆ. ಮಕ್ಕಳು ಕುಳಿತು, ಚಪ್ಪಡಿಯ ಸಂದಿಯಲ್ಲಿ ಉಳಿದ ಕಾಳುಗಳನ್ನು ಕಡ್ಡಿಯಿಂದ ಒಂದೊಂದಾಗಿ ಆರಿಸುತ್ತಿರುತ್ತಾರೆ.